ಹನುಮೇಶ ಸತ್ತನೋ ಇದ್ದಾನೋ, ಶುಕ್ರವಾರದೊಳಗೆ ತಿಳಿಸಿ

ಕಳೆದ ವಾರ ಪರಿಚಯದ ಪೊಲೀಸ್ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ.

"ಸರ, ಆ ಹನುಮೇಶ ಸತ್ತಾನೋ ಅದಾನೋ, ಶುಕ್ರವಾರದೊಳಗ ಹೇಳಾಕ ಆಗತೈತೇನ್ರಿ?"

"ಪೇಪರಿಗೆ ಬೇಕೇನ್ರಿ?"

"ಅಲ್ರಿ. ಶುಕ್ರವಾರ ನಮ್ಮ ಮಗಳ ಕುಬಸ ಐತಿ."

ಲೈನ್ ಕಟ್ಟಾಯಿತೇನೋ ಎಂದು ಹಲೋ ಎಂದೆ. ಅವರು ಮೆಲ್ಲಗೆ ಕೇಳಿದರು: "ನೀವು ಆರಾಮ ಅದೀರಲ್ರಿ?"

ನಾನು ಆರಾಮವಾಗಿಯೇ ಇದ್ದೆ. ಕೊಲೆ ಕೇಸಿಗೂ ಕುಬಸಕ್ಕೂ (ನಮ್ಮ ಕಡೆ ಸೀಮಂತಕ್ಕೆ ಹಾಗೆನ್ನುತ್ತೇವೆ, ಬೆಂಗಳೂರು ಕಡೆಯವರು ಗಾಬರಿಯಾಗಬೇಡಿ) ಏನು ಸಂಬಂಧ ಅಂತೀರಾ? ಹೇಳುತ್ತೇನೆ.

ಹನುಮೇಶ ಕುಷ್ಟಗಿಯಲ್ಲಿ ನಮ್ಮ ಓಣಿಯವನು. ಟಿಪ್ಪರ್ ಡ್ರೈವರ್. ಹಿಂದಿನ ಓಣಿಯ ಮಲ್ಲಪ್ಪನ ಜೊತೆ ಬೋರ್‌ವೆಲ್ ಪೈಪಿನ ವಿಷಯಕ್ಕೆ ಜಗಳವಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಮಲ್ಲಪ್ಪ ತನ್ನ ಹೊಲದಲ್ಲಿ ತಲೆಗೆ ಪೆಟ್ಟು ಬಿದ್ದು ಹೆಣವಾಗಿ ಸಿಕ್ಕ. ಅದೇ ಬೆಳಿಗ್ಗೆಯಿಂದ ಹನುಮೇಶ ನಾಪತ್ತೆ. ಪೊಲೀಸರ ಪ್ರಕಾರ ಅವನು ಆರೋಪಿ. ಊರಿನ ಪ್ರಕಾರ ಅಪರಾಧಿ. ಅವನ ಫೋನಿನ ಪ್ರಕಾರ ಸ್ವಿಚ್ಡ್ ಆಫ್.

ಕೆಲವು ತಿಂಗಳು ಊರು ಅವನನ್ನು ಮರೆತೇ ಬಿಟ್ಟಿತ್ತು. ಆಮೇಲೆ ಗಂಗಾವತಿ ಕಡೆಯ ಕಾಲುವೆಯಲ್ಲಿ ಒಂದು ಶವ ತೇಲಿಬಂತು. ನೀರಿನಲ್ಲಿ ಬಹಳ ದಿನ ಇದ್ದದ್ದು, ಮುಖ ಗುರುತು ಹತ್ತುವಂತಿರಲಿಲ್ಲ. ಹನುಮೇಶನ ಹೆಂಡತಿ ನೀಲವ್ವನನ್ನು ಪೊಲೀಸರು ಕರೆದುಕೊಂಡು ಹೋಗಿ ತೋರಿಸಿದರು. "ಹೇಳಾಕ ಬರಂಗಿಲ್ಲ" ಎಂದು ಆಕೆ ವಾಪಸ್ ಬಂದಳು. ಅವನ ಅಣ್ಣನ ರಕ್ತ ತೆಗೆದು ಡಿಎನ್‌ಎ ಟೆಸ್ಟಿಗೆ ಕಳಿಸಿದರು.

ಡಿಎನ್‌ಎ ರಿಪೋರ್ಟ್ ಬರಲು ತಿಂಗಳುಗಳು ಬೇಕು. ಊರಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಅಂದು ಸಂಜೆಯೇ ಕುಷ್ಟಗಿಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡವು. ಒಂದು ಸತ್ತ ಪಕ್ಷ, ಇನ್ನೊಂದು ಇದ್ದ ಪಕ್ಷ. ಬೆಳಿಗ್ಗೆ ಈ ಪಕ್ಷದಲ್ಲಿದ್ದವರು ಸಂಜೆ ಆ ಪಕ್ಷದಲ್ಲಿ. (ಇದರಲ್ಲಿ ನಮ್ಮವರಿಗೆ ಒಳ್ಳೆಯ ಅಭ್ಯಾಸವಿದೆ.) ಎರಡಕ್ಕೂ ಕೇಂದ್ರ ಕಚೇರಿ ಖಾದರ್ ಸಾಹೇಬರ ಪಂಕ್ಚರ್ ಅಂಗಡಿ. ನನ್ನ ಸ್ಕೂಟರಿನ ಹಿಂದಿನ ಗಾಲಿ ಗಾಳಿ ಹಿಡಿಯದ ಕಾರಣ ನಾನು ಎರಡೂ ಪಕ್ಷಗಳ ಸಭೆಗೆ ಹಾಜರಿದ್ದೆ.

"ಗಿಣಿಗೇರಾ ಫ್ಯಾಕ್ಟರಿಯಾಗ ಕಂಡೀನಿ," ಎಂದ ಒಬ್ಬ. "ಹೆಲ್ಮೆಟ್ಟು, ಮಾಸ್ಕು, ಕರಿ ಕನ್ನಡಕ ಹಾಕ್ಕೊಂಡು ನಿಂತಿದ್ದ."

"ಅಷ್ಟೆಲ್ಲ ಹಾಕ್ಕೊಂಡಿದ್ರ ಗುರ್ತು ಹೆಂಗ ಹಿಡದ್ಯೋ?" ಎಂದರು ಖಾದರ್ ಸಾಹೇಬರು.

"ನಿಂತ ಸ್ಟೈಲು."

ಇನ್ನೊಬ್ಬ ಸಾಣಾಪುರದ ಕೆರೆಯಲ್ಲಿ ಕಂಡಿದ್ದ. ಅಲ್ಲಿ ಹನುಮೇಶ ತೆಪ್ಪದಲ್ಲಿ ಟೂರಿಸ್ಟರನ್ನು ತಿರುಗಿಸುತ್ತಾ ಅವರ ಜೊತೆ ಇಂಗ್ಲಿಷ್ ಮಾತಾಡುತ್ತಿದ್ದನಂತೆ. ನನಗೆ ತಿಳಿದಂತೆ ಹನುಮೇಶನಿಗೆ ಬರುತ್ತಿದ್ದ ಇಂಗ್ಲಿಷ್ "ರೈಟ್" ಮತ್ತು "ಹೋಲ್ಡಾನ್". ಅಷ್ಟರಲ್ಲಿ ತೆಪ್ಪ ನಡೆಸಬಹುದೇನೋ.

ಮೂರನೆಯವನು ಹೇಳಿದ್ದು ಸಣ್ಣ ಮಾತು. "ಮಂಗಳೂರಾಗ ಅದಾನಂತ." ಅವನು ಹೇಳಿದ್ದು ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಅಲ್ಲಿ ಹನುಮೇಶನ ಚಿಕ್ಕಪ್ಪನ ಮನೆಯಿದೆ. ಆದರೆ ಸುದ್ದಿ ವಾಟ್ಸಾಪ್ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಅದು ಸಮುದ್ರವಿರುವ ಮಂಗಳೂರಾಯಿತು. ಚಹಾದ ಹೊತ್ತಿಗೆ ಹನುಮೇಶ ಹಡಗು ಹತ್ತಿದ. ಸಂಜೆ ದುಬೈ ಮುಟ್ಟಿದ.

ಸತ್ತ ಪಕ್ಷದವರೇನು ಕಡಿಮೆಯೇ? ಫ್ಲೆಕ್ಸ್ ಅಂಗಡಿಯವ "ಭಾವಪೂರ್ಣ ಶ್ರದ್ಧಾಂಜಲಿ" ಡಿಸೈನ್ ಮಾಡಿ ಇಟ್ಟುಕೊಂಡಿದ್ದ. ತಾರೀಖಿನ ಜಾಗ ಖಾಲಿ. "ಒಂದ್ ವ್ಯಾಳ್ಯಾ ಜೀವಂತ ಬಂದ್ರ?" ಎಂದು ಕೇಳಿದೆ. "ಫೋಟೋ ಅದ ಇರ್ಲಿ ಬಿಡ್ರಿ, ಮ್ಯಾಲ ಹುಟ್ಟುಹಬ್ಬದ ಶುಭಾಶಯ ಅಂತ ಬರದ್ರಾತು," ಎಂದ.

ಇದೆಲ್ಲ ಕೇಳಿ ನಗುತ್ತಾ ಮನೆಗೆ ಬಂದರೆ ಹೆಂಡತಿ ಗಿರಿಜಾ ಗಂಭೀರವಾಗಿ ಕುಳಿತಿದ್ದಳು.

"ಖರೇ ಹೇಳ್ರಿ. ಅವ ಅದಾನೋ ಇಲ್ಲೋ?"

"ನನಗೇನ ಗೊತ್ತು?"

"ಪೇಪರಿನ್ಯಾಗ ಬರಿಯೋರಿಗೆ ಗೊತ್ತಿಲ್ಲಂದ್ರ ಇನ್ನ ಯಾರಿಗೆ ಗೊತ್ತಿರತೈತಿ? ಕುಬಸಕ್ಕ ನೀಲವ್ವನ್ನ ಕರೀಬೇಕೋ ಬ್ಯಾಡೋ?"

ಈಗ ನನಗೆ ಅರ್ಥವಾಯಿತು. ಮಗಳು ಪೂರ್ಣಿಮಾಳಿಗೆ ಉಡಿ ತುಂಬಲು ಮುತ್ತೈದೆಯರು ಬೇಕು. ನೀಲವ್ವ ಮನೆಯಲ್ಲೇ ರೊಟ್ಟಿ ಬಡಿದು ಮಾರುವವಳು. ನಮ್ಮ ಮನೆಯ ಪ್ರತಿಯೊಂದು ಕಾರ್ಯದಲ್ಲೂ ಮುಂದೆ ನಿಂತವಳು. ಗಂಡ ಬದುಕಿದ್ದು ಕರೆಯದಿದ್ದರೆ ಆಕೆಗೆ ಅವಮಾನ. ಸತ್ತಿದ್ದು ಕರೆದರೆ ಬೀಗರು ಏನಂದಾರು ಎಂಬ ಭಯ. ಅಂದರೆ ಆಕೆ ನಮ್ಮ ಮನೆಗೆ ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವನು ಒಂದೋ ದುಬೈಯಲ್ಲಿದ್ದ, ಇಲ್ಲವೇ ಶವಾಗಾರದಲ್ಲಿದ್ದ.

ಹೀಗೆ ನಾನು ಪೊಲೀಸರಿಗೆ ಫೋನ್ ಮಾಡಿದ್ದು. ಉತ್ತರ ಸಿಗಲಿಲ್ಲವೆಂದು ಬೇರೆ ಹೇಳಬೇಕೇ?

ಮರುದಿನ ನೀಲವ್ವ ರೊಟ್ಟಿ ಕೊಡಲು ಬಂದಳು. ಗಿರಿಜಾ ಸುತ್ತಿ ಬಳಸಿ ಮಾತು ಶುರುಮಾಡಿದಳು. ಬಿಸಿಲು, ಮೊಣಕಾಲು ನೋವು, ಜೋಳದ ರೇಟು, ಎಲ್ಲ ಮುಗಿಯಿತು. ಕುಬಸದ ಮಾತು ಮಾತ್ರ ಬರಲಿಲ್ಲ. ನೀಲವ್ವ ಬುಟ್ಟಿ ಕೆಳಗಿಟ್ಟಳು.

"ಅಕ್ಕಾರ, ನೀವು ಕೇಳೂದು ಏನಂತ ನನಗ ಗೊತ್ತೈತ್ರಿ. ಓಣಿ ಮಂದಿ ಎಲ್ಲಾ ಮೊದಲು ನನ್ನ ಹಣಿ ನೋಡತಾರ, ಆಮ್ಯಾಲ ಮಾರಿ ನೋಡತಾರ. ಮೊನ್ನೆ ಒಬ್ಬಾಕಿ ಅಳಾಕ ಅಂತ ಬಂದು, ನಾ ಕುಂಕುಮ ಹಚ್ಚಿದ್ದು ನೋಡಿ, ಒಂದ್ ಡಜನ್ ರೊಟ್ಟಿ ತಗೊಂಡು ಹೋದ್ಲು."

ನಾನು ಪೇಪರ್ ಹಿಂದೆ ಅಡಗಿಕೊಂಡೆ.

"ಅವ ಇದ್ದಾಗೂ ನನ್ನ ಕುಂಕುಮ ನಾನ ತಂದ್ಕೊಂತಿದ್ದೆ," ಎಂದಳು ನೀಲವ್ವ. "ಅಂಗಡಿಯವ ಒಂದಿನಾನೂ ನಿನ್ನ ಗಂಡ ಎಲ್ಲಿ ಅಂತ ಕೇಳಿಲ್ಲ."

ಒಳಗಿನಿಂದ ಪೂರ್ಣಿಮಾ ಹೊಟ್ಟೆ ಹಿಡಿದುಕೊಂಡು ಬಂದಳು. "ನೀಲಕ್ಕ ಬರ್ಲಿಲ್ಲಂದ್ರ ನಾ ಕುಬಸದ ಮಣಿ ಮ್ಯಾಲ ಕುಂದ್ರಂಗಿಲ್ಲವ್ವ. ಬೇಕಾದ್ರ ನೀನ ಕುಂದ್ರು."

ಅಲ್ಲಿಗೆ ತೀರ್ಮಾನವಾಯಿತು. ಗಿರಿಜಾಳ ಮುಖದಲ್ಲಿ ನಿರಾಳ ಕಂಡಿತು. ನಿಜ ಹೇಳಬೇಕೆಂದರೆ ಆಕೆಗೂ ಬೇಕಿದ್ದದ್ದು ಅದೇ. ಯಾರಾದರೂ ಗಟ್ಟಿಯಾಗಿ ಹೇಳಲಿ ಎಂದು ಕಾಯುತ್ತಿದ್ದಳು.

ನೀಲವ್ವ ಬುಟ್ಟಿ ಎತ್ತಿಕೊಂಡು ಬಾಗಿಲವರೆಗೆ ಹೋದವಳು ನಿಂತಳು.

"ರೇಣವ್ವನ್ನ ಕರದೀರೇನ್ರಿ?"

ರೇಣವ್ವ ಅಂದರೆ ಕೊಲೆಯಾದ ಮಲ್ಲಪ್ಪನ ಹೆಂಡತಿ. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ನಾವು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನನ್ನ ಕರೀಬೇಕೋ ಬ್ಯಾಡೋ ಅಂತ ಇಷ್ಟೆಲ್ಲ ವಿಚಾರ ಮಾಡಿದ್ರಿ," ಎಂದಳು ನೀಲವ್ವ. "ಆಕಿ ಬಗ್ಗೆ ವಿಚಾರಾನ ಮಾಡ್ಲಿಲ್ಲ. ಆಕಿ ಗಂಡ ಸತ್ತಿದ್ದು ಪಕ್ಕಾ ಐತಿ ಅಂತನ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಮಗೆ ಹೆಚ್ಚು ತಾಗಿತು.

ಕರೆಯಲು ಹೋದವನು ನಾನೇ. ರೇಣವ್ವ ಅಂಗನವಾಡಿಯ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ನೀಲವ್ವನೂ ಬರುತ್ತಾಳೆ ಎಂದು ಮೊದಲೇ ಹೇಳಿದೆ, ಮುಚ್ಚಿಡುವುದು ಸರಿಯಲ್ಲವೆಂದು. ಆಕೆ ಕೈ ಒರೆಸಿಕೊಂಡು ಎದ್ದು ನಿಂತಳು. "ಡ್ಯೂಟಿ ಮುಗಿಸಿ ಬರ್ತೀನ್ರಿ," ಎಂದಳು.

ಶುಕ್ರವಾರ ಕುಬಸ ಚೆನ್ನಾಗಿಯೇ ಆಯಿತು. ನೀಲವ್ವ ಉಡಿ ತುಂಬಿದಳು. ಬೀಗರು ಏನೂ ಅನ್ನಲಿಲ್ಲ. (ಅವರ ಗಮನವೆಲ್ಲ ಹೋಳಿಗೆಯ ಮೇಲಿತ್ತು.) ಅವರ ಕಡೆಯ ಒಬ್ಬರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ದುಬೈಯಲ್ಲಿ ಹನುಮೇಶ ಎಂಥ ಕೆಲಸದಲ್ಲಿದ್ದಾನೆ, ತಮ್ಮ ಹುಡುಗನಿಗೂ ಅಲ್ಲಿ ಏನಾದರೂ ಸಿಕ್ಕೀತೇ ಎಂದು ವಿಚಾರಿಸಿದರು.

ಊಟದ ಹೊತ್ತಿಗೆ ರೇಣವ್ವ ಬಂದಳು, ಅಂಗನವಾಡಿಯ ಸೀರೆಯಲ್ಲೇ. ಹೊಸ್ತಿಲ ಹೊರಗೆ ನಿಂತಳು. ಪೂರ್ಣಿಮಾ ಎದ್ದು ಹೋಗಿ ಕೈಹಿಡಿದು ಒಳಗೆ ಕರೆತಂದು, ತಲೆ ಬಗ್ಗಿಸಿ ಹೂ ಮುಡಿಸು ಎಂದಳು. ರೇಣವ್ವ ಗಿರಿಜಾಳ ಕಡೆ ನೋಡಿದಳು. ಗಿರಿಜಾ ಹೂವಿನ ಬುಟ್ಟಿ ತಂದು ಆಕೆಯ ಮುಂದೆ ಹಿಡಿದಳು.

ಬಡಿಸುತ್ತಿದ್ದವಳು ನೀಲವ್ವ. ರೇಣವ್ವನ ಎಲೆಯ ಮುಂದೆ ಬಂದಾಗ ಇಡೀ ಪಂಕ್ತಿ ತುತ್ತು ಬಿಟ್ಟು ಅತ್ತ ತಿರುಗಿತು. ಸಿನಿಮಾ ನೋಡಲು ಸಿದ್ಧವಾಗಿದ್ದವರಿಗೆ ನಿರಾಸೆಯಾಯಿತು.

"ಪಲ್ಲೆಕ್ಕ ಉಪ್ಪು ಸರಿ ಐತೇನು?"

"ಸರಿ ಐತಿ. ಇನ್ನೊಂದೀಟು ಹಾಕು."

ಅಷ್ಟೇ. ಅಷ್ಟೇ ಮಾತು.

ಊಟ ಮುಗಿಸಿ ಹೊರಟ ರೇಣವ್ವನನ್ನು ಗೇಟಿನವರೆಗೆ ಬಿಡಲು ಹೋದೆ. ಆಕೆ ಚಪ್ಪಲಿ ಮೆಟ್ಟುತ್ತಾ ಕೇಳಿದಳು, "ಸರ, ಅವ ಸತ್ತಾನಂತ ಎಲ್ಲಾರೂ ಅಂತಾರ. ಖರೇನ್ರಿ?"

ಇಷ್ಟು ದಿನ ಇದೇ ಪ್ರಶ್ನೆಯನ್ನು ನೂರು ಬಾಯಲ್ಲಿ ಕೇಳಿದ್ದೆ. ಸತ್ತಿದ್ದಾನೆ ಎಂದರೆ ಈಕೆಗಾದರೂ ಸಮಾಧಾನವಾದೀತು ಎನ್ನಿಸಿತು. ಆದರೂ ಗೊತ್ತಿಲ್ಲ ಎಂದೆ.

"ಸಾಯಬಾರದ್ರಿ ಅವ," ಎಂದಳು. "ನಾ ದಿನಾ ದೇವರಿಗೆ ಕೈ ಮುಗೀತೀನಿ, ಜೀವಂತ ಇರ್ಲಿ ಅಂತ. ಕೋರ್ಟಿನ್ಯಾಗ ನಿಂದ್ರಬೇಕ್ರಿ. ಹೊಡದಿದ್ರ ಯಾಕ ಹೊಡದಿ, ಹೊಡದಿಲ್ಲಂದ್ರ ಯಾಕ ಓಡಿ ಹೋದಿ, ನನ್ನ ಮುಂದ ಹೇಳಬೇಕು. ಕಾಲುವ್ಯಾಗ ಬಿದ್ದು ಸತ್ರ ಯಾರನ್ನ ಕೇಳಲಿ?"

ಗೇಟು ಹಾಕಿಕೊಂಡು ಹೋದಳು.

ಹನುಮೇಶ ಎಲ್ಲಿದ್ದಾನೆ, ಹೇಗೆ ಸತ್ತ ಎಂದು ಊರೆಲ್ಲ ತಲೆ ಕೆಡಿಸಿಕೊಂಡೆವು. ಮಲ್ಲಪ್ಪ ಯಾಕೆ ಸತ್ತ ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಿದೆವೇ?