ಒಂಬತ್ತು ದಿನದ ನಡಿಗೆ

ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಸ್ಟೀಲಿನ ಕಂಬಿ, ನೆಲದ ಮೇಲೆ ಹಳದಿ ಗೆರೆ. ಪಾರ್ಶ್ವವಾಯು ಹೊಡೆದವರು, ಸೊಂಟ ಮುರಿದವರು ಅಲ್ಲಿ ಎರಡನೇ ಸಲ ನಡೆಯಲು ಕಲಿಯುತ್ತಿದ್ದರು. ಅವರ ಪಕ್ಕದಲ್ಲಿ, ಬಿದ್ದರೆ ಹಿಡಿಯುವಷ್ಟು ಹತ್ತಿರ, ಹಿಡಿಯಲು ನಿಂತಂತೆ ಕಾಣದಷ್ಟು ದೂರ, ಒಬ್ಬ ಆಯಾ ನಡೆಯುತ್ತಿದ್ದಳು. ಅವಳು ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಅದಕ್ಕೇ ಎಲ್ಲರೂ ಅವಳನ್ನು ಮೆಲ್ಲಕ್ಕ ಎನ್ನುತ್ತಿದ್ದರು.

ಪ್ರತಿ ರೋಗಿಗೂ ಒಂದು ಚಾರ್ಟು. ಇವತ್ತು ಹೇಗೆ ನಡೆದರು ಎಂದು ಅದರಲ್ಲಿ ಇಂಗ್ಲಿಷಿನ ಒಂದು ಪದ ಬರೆಯಬೇಕು. ಉಳಿದ ಆಯಾಗಳು ಎಲ್ಲರಿಗೂ 'ಸ್ಲೋ' ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಮೆಲ್ಲಕ್ಕನಿಗೆ ಅದು ಸರಿಬೀಳಲಿಲ್ಲ. ಬಸವನಹುಳುವೂ ನಿಧಾನ, ತುಂಬು ಬಸುರಿಯೂ ನಿಧಾನ. ಎರಡೂ ಒಂದೇ ಆದೀತೇ?

ಮಗಳ ಡಿಕ್ಷನರಿ ತೆಗೆದು ಒಂದು ನೋಟ್‌ಬುಕ್ಕಿಗೆ ಪದಗಳನ್ನು ಇಳಿಸಿಕೊಳ್ಳತೊಡಗಿದಳು. ಆದರೆ ಯಾವ ಪದವನ್ನೂ ತಾನು ನಡೆದು ನೋಡದೆ ಬರೆಯುತ್ತಿರಲಿಲ್ಲ. 'ಟಿಪ್‌ಟೋ' ಸುಲಭ. ಕೂಸು ಮಲಗಿದ ಕೋಣೆಯನ್ನು ತುದಿಗಾಲಲ್ಲಿ ದಾಟಿದ ತಾಯಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. 'ಎಡ್ಜ್' ಎಂದರೆ ತುಂಬಿದ ಬಸ್ಸಿನಲ್ಲಿ ಬಾಗಿಲ ಕಡೆಗೆ ಅಡ್ಡಡ್ಡ ಸರಿಯುವುದು. 'ಶಫಲ್' ಎಂದರೆ ಪಾದ ನೆಲ ಬಿಡದೆ ಸವರುತ್ತ ಸಾಗುವುದು. 'ಸ್ಲಿಂಕ್' ಎಂಬುದನ್ನು ಬರೆದು ಹೊಡೆದುಹಾಕಿದಳು. ತಪ್ಪು ಮಾಡಿದವರು ತಲೆ ತಗ್ಗಿಸಿ ಜಾರಿಕೊಳ್ಳುವ ರೀತಿ ಅದು. ಕಾಯಿಲೆ ಬೀಳುವುದೇನು ತಪ್ಪೇ?

ಒಂದು ಭಾನುವಾರ ಅಡುಗೆಮನೆಯಲ್ಲಿ ಬೆನ್ನು ಬಾಗಿಸಿ, ಉಸಿರು ಬಿಗಿಹಿಡಿದು ಹೆಜ್ಜೆ ಇಡುತ್ತಿದ್ದಾಗ ಗಂಡ ನೋಡಿಬಿಟ್ಟ.

"ಏನೇ ಇದು, ಯಾರ ಮನೆಗೆ ಕನ್ನ ಹಾಕೋಕೆ ತಯಾರಿ?"

"ಸುಮ್ನಿರಿ. ಸ್ನೀಕ್ ಕಲೀತಾ ಇದೀನಿ."

"ಕಲಿಯೋದೇನಿದೆ? ನನ್ನ ಜೇಬಿಗೆ ಕೈ ಹಾಕುವಾಗ ಚೆನ್ನಾಗೇ ಬರತ್ತಲ್ಲ!"

"ಆ ಜೇಬಲ್ಲಿ ಏನಿರತ್ತೆ, ತೂತು ಬಿಟ್ರೆ?"

ಗಂಡ ನಗುತ್ತ ಹೊರಗೆ ಹೋದ. ಅವಳು ಮತ್ತೆ ಗೋಡೆಯಿಂದ ಶುರುಮಾಡಿದಳು.

ಅವಳಿಗೆ ಇನ್ನೊಂದು ಕಟ್ಟುನಿಟ್ಟು ಇತ್ತು. ಹಿಂದೆ ಒಬ್ಬ ಅಜ್ಜಿ ಒಂದು ದಿನ ಚೆನ್ನಾಗಿ ನಡೆದರೆಂದು ಖುಷಿಯಲ್ಲಿ 'ವಾಕ್' ಎಂದು ಬರೆದಿದ್ದಳು. ಅದನ್ನು ನಂಬಿ ಮನೆಯವರು ಕೈ ಹಿಡಿಯುವುದನ್ನು ಬಿಟ್ಟರು, ಅಜ್ಜಿ ಬಿದ್ದರು. ಅಂದಿನಿಂದ, ಮೂರು ದಿನ ಸತತವಾಗಿ ನೋಡದೆ ಯಾರನ್ನೂ ಮೇಲಿನ ಪದಕ್ಕೆ ಏರಿಸಬಾರದು ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಿದ್ದಳು.

ಹೀಗಿರುವಾಗ ಎಲ್ಲರೂ ಟೈಲರ್ ಮಾವ ಎನ್ನುತ್ತಿದ್ದ ದರ್ಜಿಯೊಬ್ಬರು ರೋಗಿಯಾಗಿ ಬಂದರು. ಪಾರ್ಶ್ವವಾಯು ಹೊಡೆದು ಎಡಗಾಲು ಬಿದ್ದುಹೋಗಿತ್ತು. "ಮಷಿನ್ ತುಳಿಯೋ ಕಾಲೇ ಹೋಯ್ತಲ್ಲಮ್ಮ," ಎಂದರು ಮೊದಲ ದಿನ. "ಇದೊಂದು ಎದ್ರೆ ಸಾಕು, ಬಾಕಿದನ್ನ ಹೆಂಗೋ ಹೊಲಕೊಂಡು ಹೋಗ್ತೀನಿ." ಮೆಲ್ಲಕ್ಕ ಆ ಸಂಜೆ ಚಾರ್ಟಿನಲ್ಲಿ 'ಡ್ರ್ಯಾಗ್' ಎಂದು ಬರೆದಳು. ಕಾಲನ್ನು ಎಳೆದುಕೊಂಡೇ ನಡೆದಿದ್ದರು. ಒಂದು ದಿನ ಕಾಲು ಮಾತು ಕೇಳಿದರೆ ಮರುದಿನ ಮುನಿಸಿಕೊಳ್ಳುತ್ತಿತ್ತು. ಮೂರು ದಿನ ಸತತವಾಗಿ ಯಾವುದೂ ನಿಲ್ಲಲಿಲ್ಲ. ಒಂಬತ್ತು ದಿನವೂ ಅದೇ ಪದ ಉಳಿಯಿತು.

ಹತ್ತನೇ ದಿನ ದೊಡ್ಡ ಡಾಕ್ಟರು ಬಂದರು. ಟೈಲರ್ ಮಾವನನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ನಡೆಯಿರಿ ಎಂದರೆ ಹೆದರಿಕೆಗೆ ಮಾವನ ಕಾಲು ನೆಲಕ್ಕೆ ಮೊಳೆ ಹೊಡೆದಂತೆ ನಿಂತುಬಿಟ್ಟಿತು. ಡಾಕ್ಟರು ಚಾರ್ಟು ನೋಡಿದರು.

"ಒಂಬತ್ತು ದಿನ ಡ್ರ್ಯಾಗ್. ಒಂದು ಚೂರೂ ಬದಲಾವಣೆ ಇಲ್ಲ. ವೀಲ್‌ಚೇರ್ ಕೊಟ್ಟು ಮನೆಗೆ ಕಳಿಸಿ. ಈ ಜಾಗಕ್ಕೆ ಕಾಯೋರು ಬೇರೆ ಇದಾರೆ."

 ಕಂಬಿ ಹಿಡಿದ ಮಾವನ ಬೆರಳು ಬೆಳ್ಳಗಾದವು. ಮೆಲ್ಲಕ್ಕ ಚಾರ್ಟಿನ ಕಡೆ ನೋಡಿದಳು. ಅವರನ್ನು ಮನೆಗೆ ಕಳಿಸುತ್ತಿದ್ದುದು ಡಾಕ್ಟರಲ್ಲ, ತನ್ನ ಕೈಬರಹ.

"ಸಾರ್, ಅದು ಬರೆದಿದ್ದು ನಾನು. ತಪ್ಪು ನಂದು."

"ಸುಳ್ಳು ಬರೆದ್ರಾ?"

"ಇಲ್ಲ ಸಾರ್. ಹೆಚ್ಚು ಬರೀಬಾರ್ದು ಅಂತ ಕಮ್ಮಿ ಬರೆದೆ."

"ಹಾಗಾದ್ರೆ ನಡೆದಿದ್ದು ಏನು, ಹೇಳಿ."

 ಕಲಿತ ಒಂದು ಪದವೂ ಅವಳ ನಾಲಿಗೆಗೆ ಬರಲಿಲ್ಲ. ಆದರೆ ಕಾಲಿಗೆ ಎಲ್ಲವೂ ನೆನಪಿತ್ತು. ಅವಳು ಹೋಗಿ ಹಳದಿ ಗೆರೆಯ ಮೇಲೆ ನಿಂತಳು.

"ಇದು ಮೊದಲ್ನೇ ದಿನ," ಎಂದು ಎಡಗಾಲನ್ನು ತುಂಬಿದ ಮೂಟೆಯಂತೆ ಎಳೆದಳು. ಭುಜ ವಾರೆಯಾಗಿ ಮೇಲೆದ್ದಿತು, ಹೆಬ್ಬೆರಳು ಒಳಕ್ಕೆ ತಿರುಗಿತು. "ಮೂರ್ನೇ ದಿನ." ಮಂಡಿ ಕೊಂಚವೇ ಬಾಗಿತು. "ಐದು." ಮೊದಲು ಹಿಮ್ಮಡಿ ನೆಲಕ್ಕೆ ತಾಗಿತು. "ಆರರಲ್ಲಿ ಮತ್ತೆ ಮೊದಲ್ನೇ ದಿನದ ಹಾಗೇ ಆಯ್ತು ಸಾರ್, ಹಿಂದಿನ ರಾತ್ರಿ ನಿದ್ದೆ ಇರ್ಲಿಲ್ಲ." ಅದನ್ನೂ ಬಚ್ಚಿಡದೆ ನಡೆದು ತೋರಿಸಿದಳು. ಎಂಟನೇ ದಿನಕ್ಕೆ ಪಾದದ ಅಡಿ ಒಂದು ಕಾಗದ ತೂರುವಷ್ಟು ಸಂದಿ ಬಿದ್ದಿತ್ತು. "ನಿನ್ನೆ," ಎಂದು ಕಂಬಿಯಿಂದ ಕೈ ತೆಗೆದು, ಎರಡು ಹೆಜ್ಜೆ ಇಟ್ಟು ನಿಂತಳು.

ಡಾಕ್ಟರು ಹತ್ತಿರ ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. "ಆ ಹಿಮ್ಮಡಿ ಇನ್ನೊಂದ್ಸಲ."

ಟೈಲರ್ ಮಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ತಮ್ಮ ನಡಿಗೆಯನ್ನು ಅವರು ಎಂದೂ ನೋಡಿರಲಿಲ್ಲ.

"ಏನಮ್ಮಾ, ನನ್ನ ಭುಜ ಅಷ್ಟು ವಾರೆನಾ? ಇಂಥ ಅಂಗಿ ಹೊಲಿದಿದ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಿದ್ದ!"

ಕೋಣೆಯೆಲ್ಲ ನಕ್ಕಿತು. ಮಾವನೂ ನಕ್ಕರು, ನಗುತ್ತಲೇ ಅಂಗೈಯಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಭುಜ ನೆಟ್ಟಗೆ ಮಾಡಿಕೊಂಡು, ಯಾರೂ ಹೇಳದೆಯೇ, ಎಡಗಾಲನ್ನು ಒಂದಿಷ್ಟು ಮುಂದಕ್ಕೆ ಸರಿಸಿದರು. ಇನ್ನೊಂದಿಷ್ಟು. ಮೆಲ್ಲಕ್ಕ ಆಗಲೇ ಅವರ ಪಕ್ಕದಲ್ಲಿದ್ದಳು.

"ಮೂರು ವಾರ ಇರ್ಲಿ. ಆಮೇಲೆ ನೋಡೋಣ," ಎಂದು ಡಾಕ್ಟರು ಚಾರ್ಟನ್ನು ಅವಳ ಕೈಗೆ ಕೊಟ್ಟರು.

ಅಂದು ಸಂಜೆ ಅವಳು ಮೂರು ದಿನ ಕಾಯಲಿಲ್ಲ. 'ಶಫಲ್' ಎಂದು ಬರೆದಳು. ಅಷ್ಟಕ್ಕೇ ಬಿಡಲು ಮನಸ್ಸು ಬಾರದೆ, ಅದರ ಕೆಳಗೆ ಕನ್ನಡದಲ್ಲಿ ಸಣ್ಣದಾಗಿ ಸೇರಿಸಿದಳು: 'ನಾಳೆ ಹಿಂದೆ ಬೀಳಬಹುದು. ಇವತ್ತು ಇಷ್ಟು ನಡೆದರು.'