ಮೂರನೆಯ ಡಬ್ಬಿಯ ಬೊಟ್ಟು

ಮೊನ್ನೆ ಸೋಮವಾರ ಇಂಡಿ ಊರಿನ ಬಸ್‌ಸ್ಟ್ಯಾಂಡಿನ ಹೊರಗೆ ಒಂದು ಟಂಟಂ ಆಟೋ ಬಂದು ನಿಂತಿತು. ಸಿಂದಗಿ ಕಡೆಯಿಂದ ಮಂದಿಯನ್ನು ತುಂಬಿಕೊಂಡು ಬಂದದ್ದು. ಹಿಂದಿನ ಗಾಲಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಕಾದ ಕಬ್ಬಿಣದ ವಾಸನೆ, ಅದರೊಳಗೆ ಸುಟ್ಟ ಎಣ್ಣೆಯ ಕಮಟು. ಎಲ್ಲರೂ ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಲಿಂಬೆಹಣ್ಣಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಆ ವಾಸನೆಯನ್ನೇ ಎಳೆದುಕೊಳ್ಳುತ್ತ ಕೂತೆ. ಬಹಳ ವರ್ಷಗಳ ಹಿಂದೆ ನಮ್ಮ ಬಾಜೂ ಮನೆಯ ಕಾಕಾ ಕೆಲಸ ಮುಗಿಸಿ ಬಂದಾಗ ಅವರ ಕೈಗೆ ಇದೇ ವಾಸನೆ ಇರುತ್ತಿತ್ತು…

ಆಗ ನಮ್ಮ ಮನೆಯವರು ರೈಲ್ವೆಯಲ್ಲಿ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್. ಬಾಗೇವಾಡಿ ಸೀಮೆಯ ಒಂದು ಸಣ್ಣ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ನಮ್ಮ ಸಂಸಾರ. ಸ್ಟೇಷನ್ನಿನ ಹೆಸರು ಬೇಡ. ಎರಡು ಕೋಣೆ, ಹಿಂದೆ ಒಂದು ಬೇವಿನ ಗಿಡ, ದಿನಕ್ಕೆ ಎರಡು ಸಲ ನೀರು. ಅಷ್ಟು ಕೊಟ್ಟದ್ದಕ್ಕೇ ದಿನಾ ಬಸವಣ್ಣನಿಗೆ ಕೈಮುಗಿಯುತ್ತಿದ್ದೆ. ನಮ್ಮ ಸ್ಟೇಷನ್ನಿನಿಂದಲೇ ಬೆಳಗ್ಗೆ ಹೊರಡುವ ಒಂದು ಹೊಸ ಲೋಕಲ್ ಗಾಡಿ ಬಿಡುತ್ತಾರೆ ಎಂದಾದಾಗ, ಡಬ್ಬಿಗಳ ಗಾಲಿ, ಬ್ರೇಕು ನೋಡಿ ಸಹಿ ಮಾಡುವುದಕ್ಕೆ ಒಬ್ಬ ಮಿಸ್ತ್ರಿಯನ್ನು ಕಳಿಸಿದರು. ಅವರೇ ಕಾಕಾ. ನಾಲತವಾಡದ ಕಡೆಯವರು. ಹೆಂಡತಿ ತೀರಿಕೊಂಡಿದ್ದರು. ನಿವೃತ್ತಿಗೆ ಇನ್ನು ಐದು ತಿಂಗಳು ಉಳಿದಿತ್ತು.

ಕಾಕಾಗೆ ಒಂದು ಚಟ. ಏನು ಕಂಡರೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುವುದು. ಗಾಲಿ ಬಡಿದು ಬಡಿದು ಬಂದ ಚಟ. ಮೊದಲ ದಿನ ನಾನು ಕೊಟ್ಟ ಖಡಕ್ ರೊಟ್ಟಿಯನ್ನೂ ಬಡಿದು ನೋಡಿದರು. "ಪಾಸ್ ಆತು ಬಿಡವ್ವಾ, ಇದು ಸೊಲ್ಲಾಪುರದ ತನಕ ಹೋಗತೈತಿ," ಅಂದರು. ಒಮ್ಮೆ ನಮ್ಮ ಕಟ್ಟೆಯ ಮೇಲಿದ್ದ ಮಣ್ಣಿನ ಕೊಡ ಬಡಿದು, "ಇದಕ್ಕ ಒಳಗ ಸೀಳು ಬಂದೈತಿ," ಅಂದರು. ಹೊಸ ಕೊಡ. ನಾನು ನಕ್ಕೆ. ಎಂಟು ದಿನಕ್ಕೆ ಅಡಿಗೆಮನೆಯ ತುಂಬ ನೀರು. ಅಂದಿನಿಂದ ಅವರ ಮಾತನ್ನು ನಾನು ಹಗುರಾಗಿ ತೆಗೆದುಕೊಂಡಿಲ್ಲ.

ಗುಡಿಗೆ ಮಾತ್ರ ಬರುತ್ತಿರಲಿಲ್ಲ. ಹಣೆಗೆ ವಿಭೂತಿಯೂ ಇಲ್ಲ. ಅದೊಂದು ನನ್ನ ಮನಸ್ಸಿಗೆ ಕಸಿವಿಸಿ.

ಗಾಡಿ ಬಂತು. ಆರು ಡಬ್ಬಿ. ನಾಲ್ಕು ಹೊಚ್ಚ ಹೊಸವು. ಇನ್ನೆರಡು, ಮೂರನೆಯದು ಮತ್ತು ಐದನೆಯದು, ಹಳೆಯ ಡಬ್ಬಿಗಳನ್ನೇ ಬಿಚ್ಚಿ ರಿಪೇರಿ ಮಾಡಿ, ಬಣ್ಣ ಬಳಿದು ಹೊಸದರ ಜೊತೆ ಓಡುವಂತೆ ಮಾಡಿದವು. ನೋಡಿದವರಿಗೆ ಫರಕು ತಿಳಿಯುತ್ತಿರಲಿಲ್ಲ. ಆದರೆ ಅಂದಿನಿಂದ ಕಾಕಾನ ನಿದ್ದೆ ಹೋಯಿತು. ಒಂದು ದಿನ ದೀಪ ಹತ್ತುವುದಿಲ್ಲ, ಇನ್ನೊಂದು ದಿನ ಬಾಗಿಲು ತೆರೆಯುವುದಿಲ್ಲ. ಟ್ರಯಲ್ ಓಡಿಸಿದ ದಿನ ನಮ್ಮ ಮನೆಯವರು ಐದನೆಯ ಡಬ್ಬಿಯಲ್ಲಿ ಅರ್ಧ ತಾಸು ಸಿಕ್ಕಿಹಾಕಿಕೊಂಡು ಕಿಟಕಿಯಿಂದ ಚಹಾ ಇಸಿದುಕೊಂಡು ಕುಡಿದರು. ಎರಡು ಸಲ ಗಾಡಿ ಬಿಡುವ ದಿನ ಮುಂದೆ ಹೋಯಿತು. ಬಾಗಿಲು, ದೀಪ ಎಲ್ಲ ಸರಿಹೋದವು. ಒಂದು ಮಾತ್ರ ಹೋಗಲಿಲ್ಲ.

"ಮೂರನೇ ಡಬ್ಬಿ ನಿಂತು ನಿಂತು ಹೊಂಟ್ರ ಬ್ರೇಕ್ ಬಿಡೂದಿಲ್ಲವ್ವಾ," ಅಂದರು ಕಾಕಾ, ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು. "ದಿನಾ ಅಲ್ಲ. ಒಮ್ಮೊಮ್ಮೆ. ಹೊಸಾವು ಹೇಳಿದ ಕೂಡ್ಲೆ ಕೇಳ್ತಾವು. ಇದು ಹಳೇ ಅತ್ತಿ ಇದ್ದಂಗ. ಮನಸು ಬಂದ್ರ ಕೇಳತೈತಿ."

"ಬಿಡ್ಲಿಲ್ಲಂದ್ರ ಗಾಡಿ ಹೋಗೂದs ಇಲ್ಲಲ್ರಿ ಕಾಕಾ?"

"ಅದ ಅಲ್ಲೇನು ಮೋಸ! ಇಂಜಿನ್ನಿಗೆ ಗೊತ್ತs ಆಗೂದಿಲ್ಲ. ಎಳಕೊಂಡು ಹೋಗತೈತಿ. ಗಾಲಿ ತಿರಗೂದು ಬಿಟ್ಟು ಹಳಿ ಮ್ಯಾಲೆ ಜಾರತೈತಿ. ಹಂಗ ದೂರ ಹೋತು ಅಂದ್ರ ಗಾಲಿ ಸವದು ಚಪ್ಪಟಿ ಆಗತೈತಿ. ಆಮ್ಯಾಲೆ ಹಳಿ ಬಿಟ್ಟು ಇಳಿತೈತಿ."

ಅವರು ಅದನ್ನು ಬರೆದು ಕೊಟ್ಟಿದ್ದರು. ಮೂರನೆಯ ಡಬ್ಬಿಯನ್ನು ಗಾಡಿಯಿಂದ ಬಿಡಿಸಿರಿ, ಇಲ್ಲದಿದ್ದರೆ ನಾನು ಸಹಿ ಮಾಡುವುದಿಲ್ಲ ಎಂದು. ಮೇಲಿನಿಂದ ಬಂದ ಸಾಹೇಬರು ನಾಲ್ಕು ಸಲ ಬ್ರೇಕು ಹಾಕಿ ಬಿಡಿಸಿ ನೋಡಿದರು. ನಾಲ್ಕು ಸಲವೂ ಸರಿಯಾಗಿ ಬಿಟ್ಟಿತು. "ನಿಮ್ಮ ವಯಸ್ಸಾತು ಮಿಸ್ತ್ರಿ, ಅದಕ್ಕ ಭಯಾ," ಅಂದರಂತೆ. "ಸಹಿ ಬ್ಯಾರೇದವ್ರ ಕಡೆ ಮಾಡಸ್ತೇನಿ. ಫಂಕ್ಷನ್ ದಿನಾ ನೀವು ಗಾಡಿ ಹತ್ರ ಬರಬ್ಯಾಡ್ರಿ. ಪ್ಲಾಟ್‌ಫಾರ್ಮಿನ ಆ ತುದಿಗೆ ನಿಂದರ್ರಿ."

ಫಂಕ್ಷನ್ನಿನ ಹಿಂದಿನ ದಿನ ಕಾಕಾ ನಮ್ಮ ಮನೆಗೆ ಬಂದರು. ಉದ್ಘಾಟನೆಗೆ ಕ್ವಾರ್ಟರ್ಸಿನ ಹೆಣ್ಣುಮಕ್ಕಳು ಆರತಿ ಮಾಡಬೇಕೆಂದು ಸಾಹೇಬರು ಹೇಳಿಕಳಿಸಿದ್ದರು. ನಾನು ಕುಂಕುಮ, ಅರಿಷಿಣ ತಟ್ಟೆಗೆ ಹಾಕುತ್ತಿದ್ದೆ. ಶಾಲೆಯ ಮಕ್ಕಳನ್ನೆಲ್ಲ ಆ ಗಾಡಿಯಲ್ಲಿ ಮುಂದಿನ ಸ್ಟೇಷನ್ನಿನ ತನಕ ಕೂಡಿಸಿಕೊಂಡು ಹೋಗಿ ಬರುವ ಮಾತಾಗಿತ್ತು. ನನ್ನ ಮಗಳು ಆಗ ಎರಡನೇ ಇಯತ್ತೆ. ಹೊಸ ರಿಬ್ಬನ್ನು ತಲೆದಿಂಬಿನ ಕೆಳಗೆ ಇಟ್ಟು ಮತ್ತೆ ಮತ್ತೆ ಹೋಗಿ ನೋಡಿ ಬರುತ್ತಿದ್ದಳು.

"ಕೂಸಿನ್ನ ಮುಂದಿನ ಡಬ್ಬಿಗೆ ಹತ್ತಸವ್ವಾ," ಅಂದರು, ನನ್ನ ಮುಖ ನೋಡದೆ. ಸ್ವಲ್ಪ ತಡೆದು, "ಮತ್ತ ಒಂದು ಮಾತು. ಪೂಜಿ ಬರೇ ಇಂಜಿನ್ನಿಗೆ ಮಾಡಬ್ಯಾಡ. ಈ ಕಡೆ ಎಲ್ಲಾ ಗಾಲಿಗೂ ಒಂದೊಂದು ಬೊಟ್ಟು ಇಡು. ದೊಡ್ಡವು ಇರಲಿ. ಎಲ್ಲಾ ನೆತ್ತಿ ಮ್ಯಾಲೆ."

ನಾನು ಖುಷಿಪಟ್ಟೆ. ಕೊನೆಗೂ ಕಾಕಾಗೆ ದೇವರ ನೆನಪಾಯಿತಲ್ಲ ಅಂದುಕೊಂಡೆ!

ಮರುದಿನ ಬೆಳಗ್ಗೆಯೇ ಗಾಡಿಯನ್ನು ತಂದು ನಿಲ್ಲಿಸಿದರು. ಹಲಗಿ, ಬಾಜಿಯ ಸಪ್ಪಳ, ಮಂದಿಯೋ ಮಂದಿ. ನಮ್ಮದು ತಗ್ಗು ಪ್ಲಾಟ್‌ಫಾರ್ಮು, ನಿಂತಲ್ಲಿಂದಲೇ ಗಾಲಿಗಳು ಕಾಣುತ್ತವೆ. ಎದುರು ಮನೆಯ ಗೆಳತಿ ಆರತಿಯ ತಟ್ಟೆ ಹಿಡಿದಳು. ನಾನು ಕುಂಕುಮದ ಬಟ್ಟಲು ಹಿಡಿದು ಬಗ್ಗಿ ಬಗ್ಗಿ ಒಂದೊಂದು ಗಾಲಿಯ ನೆತ್ತಿಗೂ ಬೊಟ್ಟಿಟ್ಟೆ. "ಇಷ್ಟು ದೊಡ್ಡ ಬೊಟ್ಟು ನಿನ್ನ ಲಗ್ನದಾಗೂ ನೀ ಇಟಗೊಂಡಿಲ್ಲ ಬಿಡು," ಅಂತ ಗೆಳತಿ ನಗಿಸಿದಳು.

ಮಕ್ಕಳು ಹತ್ತಿದರು. ನಾನು ಮಗಳ ಕೈಹಿಡಿದು ಮೊದಲನೆಯ ಡಬ್ಬಿಗೆ ಹತ್ತಿಸಿದೆ. ಗೆಳತಿಯ ಮಗಳು ಓಡಿಹೋಗಿ ಮೂರನೆಯದರಲ್ಲಿ ಕಿಟಕಿ ಹಿಡಿದು ಕೂತಳು. ಅದನ್ನು ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಸಾಹೇಬರು ಇಷ್ಟು ಓದಿದವರು, ನಾಲ್ಕು ಸಲ ನೋಡಿದ್ದಾರೆ, ಏನೂ ಆಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಏನೂ ಆಗುವುದಿಲ್ಲ ಅಂದಮೇಲೆ ನನ್ನ ಮಗಳನ್ನು ಮುಂದಿನ ಡಬ್ಬಿಗೆ ಯಾಕೆ ಹತ್ತಿಸಿದೆ? ಈ ಮಾತನ್ನು ಕಾಕಾನ ಹೊರತು ಇಲ್ಲಿಯತನಕ ಯಾರೆದುರೂ ಹೇಳಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಭಾಷಣಗಳು ಶುರುವಾದವು. ಒಬ್ಬರಾದ ಮೇಲೆ ಒಬ್ಬರು. ಗಾಡಿ ನಿಂತೇ ಇತ್ತು. ನಿಂತು ನಿಂತು ಹೊರಟರೆ ಬಿಡುವುದಿಲ್ಲ ಎಂದಿದ್ದರಲ್ಲ ಕಾಕಾ… ನನ್ನ ಅಂಗೈ ಬೆವೆತು ಕುಂಕುಮ ಕೆಸರಾಯಿತು. ದೂರ, ಗಾಡಿ ಹೋಗುವ ಕಡೆಯ ತುದಿಯಲ್ಲಿ, ಕಾಕಾ ಒಬ್ಬರೇ ನಿಂತಿದ್ದರು. ನಡುವೆ ಮಂದಿಯ ಗೋಡೆ.

ಸೀಟಿ ಆಯಿತು. ಹಸಿರು ಬಾವುಟ. ಗಾಡಿ ಸಣ್ಣಗೆ ಜಗ್ಗಿ ಹೊರಟಿತು. ಮೊದಲನೆಯ ಡಬ್ಬಿಯಿಂದ ನನ್ನ ಮಗಳು ಕೈ ಬೀಸಿದಳು. ಅವಳನ್ನು ನೋಡಬೇಕಾದವಳು ನಾನು ಕೆಳಗೆ ನೋಡಿದೆ. ಬೊಟ್ಟುಗಳೆಲ್ಲ ಮೆಲ್ಲಗೆ ಮುಂದಕ್ಕೆ ಹೊರಳಿ ಕೆಳಗಿಳಿಯುತ್ತಿದ್ದವು. ಎರಡನೆಯ ಡಬ್ಬಿಯವೂ ಇಳಿದವು. ಮೂರನೆಯ ಡಬ್ಬಿ ಎದುರಿಗೆ ಬಂತು. ಮುಂದಿನ ಗಾಲಿಯ ಬೊಟ್ಟು ಹೊರಳಿತು. ಅದರ ಹಿಂದಿನದು ಇಟ್ಟಲ್ಲೇ ಇತ್ತು. ಗಾಡಿ ಮುಂದೆ ಹೋಗುತ್ತಿತ್ತು, ಬೊಟ್ಟು ಮಾತ್ರ ನೆತ್ತಿಯ ಮೇಲೇ ನಿಂತು ನನ್ನ ಮುಂದೆ ಹಾಯ್ದು ಹೋಯಿತು. ಆ ಬೊಟ್ಟಿನ ಮೇಲೆ, ಕಿಟಕಿಯಲ್ಲಿ, ಗೆಳತಿಯ ಮಗಳು ನಗುತ್ತಿದ್ದಳು.

"ಗಾಲಿ ತಿರಗವಲ್ದು! ನಿಂದರಸ್ರಿ!" ಎಂದು ಚೀರಿದೆ. ಹಲಗಿಯ ಸಪ್ಪಳದಲ್ಲಿ ನನ್ನ ಧ್ವನಿ ನನಗೇ ಕೇಳಲಿಲ್ಲ. ಗೆಳತಿ ನಾನು ಜೈಕಾರ ಹಾಕುತ್ತಿದ್ದೇನೆ ಅಂದುಕೊಂಡು ತಾನೂ ಜೈ ಅಂದಳು. ಆಗ ನಮ್ಮ ಮನೆಯವರು ಎಂದೋ ಹೇಳಿದ್ದು ನೆನಪಾಯಿತು: ಕೈಯಲ್ಲಿ ಬಾವುಟ ಇಲ್ಲದಿದ್ದರೆ ಎರಡೂ ಕೈ ತಲೆಯ ಮೇಲೆ ನೆಟ್ಟಗೆ ಎತ್ತಬೇಕು, ಅಪಾಯ ಅಂತ ಅದರರ್ಥ. ಕುಂಕುಮದ ಬಟ್ಟಲು ಬಿಟ್ಟು ಎರಡೂ ಕೈ ಎತ್ತಿದೆ. ಸೆರಗು ಜಾರಿತು. ಬಟ್ಟಲು ಠಣ್ಣೆಂದು ಬಿದ್ದು ಕುಂಕುಮ ಚೆಲ್ಲಿತು.

ಎತ್ತಿದ ಕೈಗಳನ್ನು ತುದಿಯಲ್ಲಿದ್ದ ಕಾಕಾ ಕಂಡರು. ಅವರೂ ಕೈ ಎತ್ತಿ ಇಂಜಿನ್ನಿನ ಎದುರು ಹಳಿಗೆ ಇಳಿದುಬಿಟ್ಟರು. ಗಾಡಿ ಕಿರ್ರೆಂದು ನಿಂತಿತು, ಕಾಕಾನಿಂದ ನಾಲ್ಕು ಮಾರು ದೂರದಲ್ಲಿ.

ಹಲಗಿ ನಿಂತಿತು. "ಅಪಶಕುನ ಮಾಡಿದ್ಲು," ಅಂದರು ಯಾರೋ. ಸಾಹೇಬರು ಓಡಿಬಂದರು. "ಯಾರಿಕಿ? ಈಕಿನ್ನ ಯಾರು ಬಿಟ್ರು ಇಲ್ಲಿ?" ಗೆಳತಿ ಚೆಲ್ಲಿದ ಕುಂಕುಮ ನೋಡುತ್ತ ಕಲ್ಲಾಗಿ ನಿಂತಿದ್ದಳು. ಕಾಕಾ ನಡೆದು ಬಂದು ಮೂರನೆಯ ಡಬ್ಬಿಯ ಎದುರು ಕುಕ್ಕರಗಾಲಲ್ಲಿ ಕೂತರು. ಬಗ್ಗಿ ಗಾಲಿಯ ಹಿಂದಿನ ಹಳಿ ತೋರಿಸಿದರು. ಹಳಿಯ ಮೇಲೆ ಹೊಸ ಗೀರು, ಬೆಳ್ಳಗೆ, ಅಷ್ಟುದ್ದಕ್ಕೂ. ಅದೇ ಕಾದ ಕಬ್ಬಿಣದ ವಾಸನೆ.

"ಬೊಟ್ಟು ಎಲ್ಲೈತಿ ನೋಡ್ರಿ ಸಾಹೇಬ್ರ," ಅಂದರು. ಅಷ್ಟೇ. ಧ್ವನಿ ಏರಿಸಲಿಲ್ಲ.

ಸಾಹೇಬರು ನೋಡಿದರು. ಆಮೇಲೆ ಮಕ್ಕಳನ್ನು ಇಳಿಸಿರಿ ಎಂದರು.

ಆ ಡಬ್ಬಿ ಬಿಡಿಸಿ ಬದಿಯ ಹಳಿಗೆ ತಳ್ಳುವುದರಲ್ಲಿ ಮಧ್ಯಾಹ್ನವಾಯಿತು. ಉಳಿದ ಐದು ಡಬ್ಬಿಯ ಗಾಡಿ ಹೋಯಿತು, ಬಂತು. ಗೆಳತಿ ತನ್ನ ಮಗಳನ್ನು ಅಪ್ಪಿಕೊಂಡು, ನನ್ನನ್ನೂ ಅಪ್ಪಿಕೊಂಡು ಅತ್ತಳು. ನೀನೇ ದೇವರು ಅಂದಳು. ನಾನು ತಲೆ ತಗ್ಗಿಸಿದೆ. ಅವಳು ಅದನ್ನು ದೊಡ್ಡಗುಣ ಅಂದುಕೊಂಡಳು.

ಸಂಜೆ ರೊಟ್ಟಿ ಕೊಡಲು ಹೋದಾಗ ಕೇಳಿದೆ. "ಅದಕ್ಕ ಬೊಟ್ಟು ಇಡಿಸಿದ್ರೇನ್ರಿ ಕಾಕಾ?"

"ನಾ ಬರದಿದ್ದಕ್ಕ ವಯಸ್ಸಾತು ಅಂದ್ರು," ಅಂದರು ರೊಟ್ಟಿ ಮುರಿಯುತ್ತ. "ನಿನ್ನ ಕುಂಕುಮಕ್ಕ ದೂರ ನಿಂದರು ಅನ್ನಾಕ ಬರತೈತೇನು? ತುದೀಗೆ ನಿಂತು ನಾನ ನೋಡಬೇಕು ಅಂತ ಇದ್ದೆ. ಮಂದ್ಯಾಗ ಏನೂ ಕಾಣಲಿಲ್ಲ. ನೀ ನೋಡಿದಿ."

ನಾನು ನನ್ನ ತಪ್ಪು ಹೇಳಿದೆ. ನನ್ನ ಕೂಸನ್ನಷ್ಟೇ ಮುಂದಿನ ಡಬ್ಬಿಯಲ್ಲಿ ಕೂಡಿಸಿದ್ದು. ಕಾಕಾ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟರು. "ನಾನೂ ನಿನಗೊಬ್ಬಾಕಿಗೇ ಹೇಳಿದ್ನಲ್ಲವ್ವಾ," ಅಂದರು. ಆ ರೊಟ್ಟಿ ಅವರು ತಿಂದು ಮುಗಿಸಲಿಲ್ಲ.

ಹದಿನೈದು ದಿನಕ್ಕೆ ಕಾಕಾಗೆ ಬದಲಿ ಆರ್ಡರ್ ಬಂತು, ಎಲ್ಲೋ ಆಂಧ್ರದ ಕಡೆಗೆ. ಓಡುವ ಗಾಡಿಯ ಮುಂದೆ ಹಳಿಗೆ ಇಳಿದದ್ದು ತಪ್ಪು ಎಂದು ಬರೆದಿದ್ದರಂತೆ. ಒಂದು ಟ್ರಂಕು, ಒಂದು ಸ್ಟೋವು ತೆಗೆದುಕೊಂಡು ಹೋದರು. ಹೋಗುವಾಗ ನಮ್ಮ ಹೊಸ ಕೊಡ ಬಡಿದು ನೋಡಿ, "ಇದು ಬಾಳತೈತಿ," ಅಂದರು. ಆಮೇಲೆ ಎರಡು ಮೂರು ಸಲ ಫೋನು ಬಂತು. ಆಮೇಲೆ ನಮ್ಮದೂ ಬದಲಿ… ಅವರು ಕಳೆದ ಶ್ರಾವಣದಲ್ಲಿ ನಾಲತವಾಡದಲ್ಲಿ ತೀರಿಕೊಂಡರಂತೆ. ಸುದ್ದಿ ನಮಗೆ ಮುಟ್ಟಿದ್ದು ದೀಪಾವಳಿಗೆ. ನನ್ನ ಮಗಳು ಈಗ ಮುದ್ದೇಬಿಹಾಳದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅಲ್ಲಿಂದ ನಾಲತವಾಡ ಎಷ್ಟು ಮಹಾ ದೂರ? ಎಷ್ಟು ಸಲ ಅವಳ ಮನೆಗೆ ಹೋದೆ, ಒಂದು ಸಲವೂ ಆ ದಾರಿ ಹಿಡಿಯಲಿಲ್ಲ.

ಟಂಟಂ ಡ್ರೈವರ್ ಗಾಲಿಗೆ ನೀರು ಸುರಿದು, ಕೆಳಗೆ ತೂರಿ ಏನೋ ತಟ್ಟಿ ಸಡಿಲ ಮಾಡಿ, ಹತ್ತ್ರಿ ಹತ್ತ್ರಿ ಎಂದು ಕೂಗಿದ. ಮಂದಿ ಹತ್ತಲು ಎದ್ದರು. ನಾನು ಚೀಲದಲ್ಲಿದ್ದ ಗುಡಿಯ ಕುಂಕುಮದ ಪೊಟ್ಟಣ ಬಿಚ್ಚಿ, ಬಗ್ಗಿ, ಹಿಂದಿನ ಗಾಲಿಯ ನೆತ್ತಿಗೆ ದೊಡ್ಡದೊಂದು ಬೊಟ್ಟಿಟ್ಟೆ.

"ಯಾಕ್ರಿ ಅಮ್ಮಾರ, ಇವತ್ತ ಗಾಡಿ ಪೂಜಿ ಏನು?" ಅಂತ ಡ್ರೈವರ್ ನಕ್ಕ.

"ಹೌದಪಾ. ಯಾರೂ ಹತ್ತಬ್ಯಾಡ್ರಿ. ನೀ ಬರೇ ಗಾಡಿ ಎರಡು ಮಾರು ಮುಂದ ತಗೋ."

ಗೊಣಗುತ್ತಲೇ ತೆಗೆದುಕೊಂಡ. ಬೊಟ್ಟು ಹೊರಳಿ ಕೆಳಗೆ ಹೋಯಿತು, ಮಣ್ಣು ಮೆತ್ತಿಕೊಂಡು ಮೇಲೆ ಬಂತು.

"ತಿರಗೇತ್ರಿ ಕಾಕಾ," ಎಂದೆ, ಮೆಲ್ಲಗೆ. ಬಸ್‌ಸ್ಟ್ಯಾಂಡಿನ ಆ ತುದಿಯ ಕಡೆ ನೋಡಿದೆ. ಅಲ್ಲಿ ಲಿಂಬೆಹಣ್ಣಿನ ಚೀಲ ಹೇರುವವರು ಬಿಟ್ಟರೆ ಯಾರೂ ಇರಲಿಲ್ಲ.