ಚಿಪ್‌ನ ಹಣೆಗೊಂದು ಸ್ಟಿಕ್ಕರ್

ಕೊನೆಯ ಸ್ಕ್ರೂ ಕೈಗೆ ಬಂದಿದೆ. ರಾಧಾಮಣಿ ಅದನ್ನು ಬಾಟಲಿಯ ಮುಚ್ಚಳದೊಳಗೆ ಉಳಿದವುಗಳ ಜೊತೆ ಹಾಕಿ, ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆಯ ಮೇಲ್ಭಾಗವನ್ನು ಉಗುರಿನಿಂದ ಮೀಟುತ್ತಾರೆ. ಇದು ಆರ್.ಟಿ. ನಗರದ ಗಯಾಸ್ ಅವರ ಗ್ಯಾರೇಜು, ಅದರ ಮಹಡಿಯ ಮೇಲಿನ ಶೀಟಿನ ಕೋಣೆ. ಆಗಷ್ಟೇ ಬೆಳಕು ಹರಿಯುತ್ತಿದೆ. ಪಕ್ಕದ ಲೇತ್ ಅಂಗಡಿ ಶುರುವಾದರೆ ಮೇಜು ಅದುರುತ್ತದೆ, ಅದುರುವ ಮೇಜಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ. ಹಾಗಾಗಿ ಇವರ ಕೆಲಸ ಬೀದಿ ಏಳುವ ಮೊದಲೇ.

ಮುಚ್ಚಳ ಮೇಲೇಳುತ್ತದೆ. ಒಳಗಿನದನ್ನು ನೋಡಿ ಅವರ ಕೈ ಅಲ್ಲೇ ನಿಲ್ಲುತ್ತದೆ. ಹಸಿರು ಹಲಗೆಯ ನಡುವೆ ಒಂದು ಕಪ್ಪು ಚಿಪ್. ಅದರ ನೆತ್ತಿಯ ಮೇಲೆ ಕೆಂಪು ಸ್ಟಿಕ್ಕರ್, ಹೆಂಗಸರು ಹಣೆಗಿಟ್ಟುಕೊಳ್ಳುವಂಥದ್ದು, ನಡುವೆ ಸಣ್ಣ ಹರಳು.

ಅವರು ಎದ್ದು ಕಿಟಕಿಯಿಂದ ಕೆಳಗೆ ನೋಡುತ್ತಾರೆ. ಅಂಗಳದಲ್ಲಿ ಹಳದಿ ಬಣ್ಣದ ಹಳೆಯ ಕಾರೊಂದು ನಿಂತಿದೆ.

"ಆಗ ಬಿಳೀದಿತ್ತು," ಎನ್ನುತ್ತಾರೆ. "ನಂಬರ್ ಅದೇ."

ಹಳೆಯ ಕಾರುಗಳನ್ನು ಬದಲಾಯಿಸಿ, ಇನ್ನಷ್ಟು ಜೋರಾಗಿ ಓಡಿಸಬೇಕೆನ್ನುವ ಹುಚ್ಚಿನವರು ಯಲಹಂಕ, ಹೆಬ್ಬಾಳದ ಸುತ್ತ ಬಹಳ ಮಂದಿ ಇದ್ದಾರೆ. ಇಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕು, ಯಾವ ಕ್ಷಣಕ್ಕೆ ಕಿಡಿ ಬೇಕು ಎಂದು ಹೇಳುವುದು ಈ ಪೆಟ್ಟಿಗೆಯೊಳಗಿನ ಚಿಪ್. ಅದನ್ನು ಬದಲಿಸಿದರೆ ಕಾರಿನ ಸ್ವಭಾವವೇ ಬದಲಾಗುತ್ತದೆ. ಹೊಸ ಲೆಕ್ಕಾಚಾರವನ್ನು ಲ್ಯಾಪ್‌ಟಾಪಿನಲ್ಲಿ ಬರೆಯುವವರು ಮಹೇಂದ್ರ. ಹುಡುಗರ ಬಾಯಲ್ಲಿ ಓಡಾಡುವುದು ಅವರ ಹೆಸರೇ. ಹಳೆಯದನ್ನು ಹಲಗೆ ಸುಡದಂತೆ ಬಿಡಿಸಿ ಹೊಸದನ್ನು ಕೂರಿಸುವ ರಾಧಾಮಣಿಯನ್ನು ಕಂಡವರು ಕಡಿಮೆ. ದಿನಕ್ಕೆ ಎರಡು ಪೆಟ್ಟಿಗೆ, ಕಷ್ಟದ್ದಾದರೆ ಒಂದೇ. ಭೂತಗನ್ನಡಿಯ ಮೇಲೆ ಬಗ್ಗಿ ಬಗ್ಗಿ ಕತ್ತು ಹಿಡಿದುಹೋಗಿದೆ. ಬೆಸುಗೆಯ ಹೊಗೆಗೆ ಕಣ್ಣು ಸದಾ ಕೆಂಪು.

"ಅತ್ತೆಗೆ ನಾನು ಕಾರಿನ ಚಿಪ್ ಹಾಕ್ತೀನಿ ಅಂದ್ರೆ ತೆಂಗಿನ ಚಿಪ್ಪು ಅನ್ಕೊಂಡವ್ರೆ," ಎಂದು ಸಣ್ಣಗೆ ನಗುತ್ತಾರೆ. "'ಕಾರ್‌ನಾಗೆ ಚಿಪ್ಪಿಗೇನ್ ಕೆಲ್ಸವ್ವಾ?' ಅಂತ ಕೇಳ್ತಾರೆ."

ಈ ಹಳೆಯ ನಮೂನೆಯ ಚಿಪ್‌ಗಳಿಗೆ ನೆತ್ತಿಯ ಮೇಲೊಂದು ಪುಟ್ಟ ಗಾಜಿನ ಕಿಟಕಿಯಿದೆ. ಬರೆದದ್ದನ್ನು ಅಳಿಸಬೇಕಾದರೆ ಆ ಗಾಜಿಗೆ ಬೆಳಕು ಕುಡಿಸಬೇಕು. "ನೀಲಿ ದೀಪದ ಪೆಟ್ಟಿಗೆಗೆ ಹಾಕಿದ್ರೆ ಟೀ ಕುಡಿದು ಬರೋಷ್ಟ್ರಲ್ಲಿ ಎಲ್ಲಾ ಹೋಗತ್ತೆ. ಬಿಸಿಲಲ್ಲಿಟ್ರೆ ನಿಧಾನ. ಒಂದು ವಾರ, ಹತ್ತು ದಿನ." ಅಳಿಸಬಾರದಿದ್ದರೆ ಗಾಜನ್ನು ಮುಚ್ಚಿಡಬೇಕು. ರಾಧಾಮಣಿ ಮುಚ್ಚುವುದು ಹಣೆಯ ಸ್ಟಿಕ್ಕರ್‌ನಿಂದ.

"ನಮ್ಮ ಗ್ಯಾರೇಜಿಂದ ಹೋಗೋ ಗಾಡಿಗೆಲ್ಲಾ ಹಣೆಗೆ ಬೊಟ್ಟು ಇದೆ ಮೇಡಂ," ಎಂದು ಗಯಾಸ್ ತಮಾಷೆ ಮಾಡುತ್ತಾರೆ. "ಮದುವೆ ಹೆಣ್ಣಿನ ಥರಾನೇ ಕಳಿಸೋದು." ಬಳೆ ಅಂಗಡಿಯ ಶಶಿರೇಖಾ ಮಾತ್ರ ಪ್ರತಿ ಸಲವೂ ರಾಧಾಮಣಿಯ ಖಾಲಿ ಹಣೆಯನ್ನು ನೋಡಿ, "ಯಾರಿಗ್ರೀ ಇಷ್ಟೊಂದು?" ಎಂದು ಕೇಳುತ್ತಾಳಂತೆ. "ಗಾಡಿಗೆ ಅಂತೀನಿ. ಅವ್ಳು ನಂಬಲ್ಲ."

ಈಗ ಕೊಳ್ಳುವುದು ದುಂಡನೆಯ, ಸಾದಾ ಸ್ಟಿಕ್ಕರ್. ಹರಳಿನದು ಅವರು ಹಣೆಗಿಡುತ್ತಿದ್ದ ಕಾಲದ್ದು.

ಗಂಡ ಅಶ್ವತ್ಥ್ ಹುಣಸಮಾರನಹಳ್ಳಿಯವರು. ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಕೆಲಸ. ಏರ್‌ಪೋರ್ಟ್ ರಸ್ತೆಗೆ ಹೊಲ ಹೋದಾಗ ಬಂದ ಪರಿಹಾರದ ಹಣದಲ್ಲಿ ಅಣ್ಣಂದಿರು ಮನೆ ಕಟ್ಟಿಸಿದರು, ಇವರು ಕೆಳಗೆ ನಿಂತಿರುವ ಈ ಕಾರು ತಂದರು. ನೆಂಟರು ಅದಕ್ಕಿಟ್ಟ ಹೆಸರು 'ಹೊಲ ತಿಂದ ಕಾರು'. ರಾಧಾಮಣಿ ಮದುವೆಗೆ ಮುಂಚೆ ರೇಡಿಯೊ ಭಾಗಗಳ ಕಾರ್ಖಾನೆಯಲ್ಲಿ ಬೆಸುಗೆ ಕಲಿತಿದ್ದವರು. ಪೆಟ್ಟಿಗೆ ಬಿಚ್ಚಿಕೊಂಡು ಗಂಡ ಹೆಂಡತಿ ಅಡುಗೆಮನೆಯಲ್ಲೇ ಕೂತರು. ಗಂಡ ಬರೆಯುವುದು, ಓಡಿಸಿ ನೋಡುವುದು, ಅಳಿಸುವುದು, ಮತ್ತೆ ಬರೆಯುವುದು.

"ಸರಿಹೋದ ದಿನ 'ಒಂದು ಸ್ಟಿಕ್ಕರ್ ಕೊಡೇ' ಅಂದ್ರು. ಅವ್ರು ಕೇಳಿದ್ದು ಪೇಪರ್ ಸ್ಟಿಕ್ಕರ್. ನಂಗೆ ಸ್ಟಿಕ್ಕರ್ ಅಂದ್ರೆ ಇದೇ ಅಲ್ವಾ? ಹಣೇಲಿದ್ದಿದ್ದನ್ನೇ ಕಿತ್ತುಕೊಟ್ಟೆ. ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅದನ್ನೇ ಅಂಟಿಸಿದ್ರು."

2009ರಲ್ಲಿ ಜಾಂಡೀಸ್ ಬಂದು ಅಶ್ವತ್ಥ್ ತೀರಿಹೋದರು. ಹನ್ನೊಂದನೆಯ ದಿನದ ಹೊತ್ತಿಗೆ ಕಾರು ಅಂಗಳದಲ್ಲಿರಲಿಲ್ಲ. ಭಾವ ಯಾರಿಗೋ ಮಾರಿದ್ದರು. "ನನ್ನ ಒಂದು ಮಾತು ಕೇಳ್ಲಿಲ್ಲ. ಹಣೇದನ್ನ ತೆಗೆದಾಗ್ಲೂ ಕೇಳ್ಲಿಲ್ಲ ಬಿಡಿ." ಅತ್ತೆ ಮುನಿಕೆಂಪಮ್ಮ ಮಾತ್ರ ಸೊಸೆಯ ಜೊತೆಗೇ ಯಲಹಂಕದ ಬಾಡಿಗೆ ಮನೆಗೆ ಬಂದರು. ಅಲ್ಲಿಂದ ಈಚೆಗೆ ನಾಲ್ಕು ವರ್ಷ ಈ ಮೇಜು.

ಕೆಳಗೆ ಮಾತು ಕೇಳಿಸುತ್ತದೆ. ಹಳದಿ ಕಾರಿನ ಈಗಿನ ಒಡೆಯ, ಮಾಕಳಿಯ ಸುಬ್ರಮಣಿ, ಬಂದಿದ್ದಾನೆ. "ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಚಳಿಜ್ವರ ಬಂದೋರ ಥರ ನಡುಗುತ್ತೆ ಗುರು. ಇನ್ನೇನು ಆಫ್ ಆಯ್ತು ಅನ್ಸತ್ತೆ."

"ಇದನ್ನ ಟ್ಯೂನ್ ಮಾಡಿರೋನು ಯಾವನೋ ದಡ್ಡ ಮಚ್ಚಾ," ಎನ್ನುತ್ತಾರೆ ಮಹೇಂದ್ರ. "ರೋಡಲ್ಲಿ ಚೆನ್ನಾಗೇ ಎಳೆಯುತ್ತೆ. ತಣ್ಣಗಿದ್ದಾಗ ಮಾತ್ರ ಉಸಿರು ಕಟ್ಟಿಸಿ ಇಟ್ಟಿದಾನೆ. ಯಾಕೋ ಏನೋ!"

ರಾಧಾಮಣಿ ಚಿಪ್ ಬಿಡಿಸುತ್ತಾರೆ. ಅದು ಕೂರುವ, ಸಡಿಲವಾದ ಸಾಕೆಟ್ಟಿಗೆ ಮತ್ತೆ ಬೆಸುಗೆ ಹಾಕುತ್ತಾರೆ. ಮಹೇಂದ್ರ ಬರೆದಿಟ್ಟ ಹೊಸ ಚಿಪ್‌ಗೆ ದುಂಡನೆಯ ಸ್ಟಿಕ್ಕರ್ ಅಂಟಿಸಿ, ಅದರ ಕಾಲುಗಳನ್ನು ಒಂದೇ ಸಮ ಒತ್ತಿ ಕೂರಿಸುತ್ತಾರೆ. ಅದೆಲ್ಲ ಆದ ಮೇಲೆ ಹೇಳುತ್ತಾರೆ:

"ಬೆಳಗಿನ ಜಾವ ಮಂಡಿಗೆ ಹೋಗ್ಬೇಕಿತ್ತು ಅವ್ರು. ಕಾರು ನಿಲ್ತಿದ್ದಿದ್ದು ಅತ್ತೆ ಮಲಗೋ ಕೋಣೆ ಗೋಡೆಗೇ. ಅತ್ತೆಗೆ ನಿದ್ದೆ ತೆಳು. ಅವ್ವ ಏಳ್ಬಾರ್ದು ಅಂತ ಸದ್ದು ಇಳಿಸಿದ್ರು. ಇನ್ನೊಂಚೂರು ಇಳಿಸಿದ್ರೆ ನಿಂತೇ ಹೋಗತ್ತೆ, ಅಲ್ಲಿಗೆ ತಂದು ಬಿಟ್ಟಿದ್ರು. ನಡುಗ್ಲಿ ಪರವಾಗಿಲ್ಲ ಅಂದ್ರು."

ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ಬರ್ಕೊಳ್ಳಿ. ಮಹೇಂದ್ರ ಪೇಪರ್ ಓದಲ್ಲ. ಗಯಾಸಣ್ಣಂಗೆ ಕನ್ನಡ ಓದಕ್ಕೆ ಬರಲ್ಲ."

ಪೆಟ್ಟಿಗೆ ಕೆಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹಳದಿ ಕಾರು ಶುರುವಾಗುತ್ತದೆ. ಸದ್ದು ಗಟ್ಟಿಯಾಗಿದೆ, ಒಂದೇ ಸಮನಾಗಿದೆ, ಒಂದಿಷ್ಟೂ ನಡುಕವಿಲ್ಲ. "ಆಹಾ!" ಎಂದು ಸುಬ್ರಮಣಿ ಬಾನೆಟ್ ತಟ್ಟುತ್ತಾನೆ. ರಾಧಾಮಣಿ ಕಾವು ಆರದ ಬೆಸುಗೆ ಕಡ್ಡಿಯನ್ನು ಕೈಯಲ್ಲೇ ಹಿಡಿದು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ಮಹೇಂದ್ರ ಮೆಟ್ಟಿಲ ಬಳಿಯಿಂದ ಕೂಗುತ್ತಾರೆ. "ಅಕ್ಕಾ, ಹಳೇ ಚಿಪ್ ಬೇಡ್ವಂತೆ ಅವ್ನಿಗೆ, ನಾವೇ ಇಟ್ಕೋಬೇಕಂತೆ. ಕೊಡಿ, ಒಂದು ಕಾಪಿ ತೆಗೆದಿಡ್ತೀನಿ."

ಚಿಪ್ ರಾಧಾಮಣಿಯ ಅಂಗೈಯಲ್ಲಿದೆ. ಕಾಪಿ ತೆಗೆದರೆ ಅಶ್ವತ್ಥ್ ಬರೆದದ್ದು ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ, ದಡ್ಡನೊಬ್ಬನ ಟ್ಯೂನ್ ಆಗಿ, ನೂರಾರು ಕಾರುಗಳ ನಡುವೆ.

"ಬೇಡಪ್ಪಾ," ಎನ್ನುತ್ತಾರೆ.

"ಸರಿ, ಹಂಗಾದ್ರೆ ದೀಪದ ಪೆಟ್ಟಿಗೆಗೆ ಹಾಕಿ ಅಳಿಸ್ಬಿಡಿ. ಇಂಥ ಚಿಪ್ ಈಗ ಎಲ್ಲಿ ಸಿಗತ್ತೆ? ಇನ್ನೊಂದು ಗಾಡಿಗಾಗತ್ತೆ."

"ಆಗ್ಲಿ."

ನೀಲಿ ದೀಪದ ಪೆಟ್ಟಿಗೆ ಕೈಗೆಟುಕುವಷ್ಟೇ ದೂರದಲ್ಲಿದೆ. ಅವರು ಅದರ ಕಡೆ ನೋಡುವುದಿಲ್ಲ. ಎದ್ದಿದ್ದ ಅಂಚಿನಿಂದ ಹರಳಿನ ಸ್ಟಿಕ್ಕರ್ ಅನ್ನು ಬಿಡಿಸುತ್ತಾರೆ. ಸ್ನಾನಕ್ಕೆ ಹೋಗುವಾಗ ಹೆಂಗಸರು ಕನ್ನಡಿಯ ಅಂಚಿಗೆ ಅಂಟಿಸುವ ಹಾಗೆ ಅದನ್ನು ಭೂತಗನ್ನಡಿಯ ಅಂಚಿಗೆ ಒತ್ತುತ್ತಾರೆ. ಅಂಟು ಒಣಗಿದೆ, ಮತ್ತೊಮ್ಮೆ ಒತ್ತಿದಾಗ ನಿಲ್ಲುತ್ತದೆ.

ಮತ್ತೆ ಎದ್ದು ಹೋಗಿ, ಪೂರ್ವದ ಕಿಟಕಿಯ ಕಟ್ಟೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಗಾಜು ಮೇಲಾಗುವಂತೆ ಚಿಪ್ ಅನ್ನು ಬಿಸಿಲಿಗಿಡುತ್ತಾರೆ. ಪಕ್ಕದಲ್ಲಿ ಲೇತ್ ಶುರುವಾಗುತ್ತದೆ, ಕಟ್ಟೆ ಸಣ್ಣಗೆ ನಡುಗುತ್ತದೆ. ಜಾರದ ಹಾಗೆ ಅವರು ಅದರ ಪಕ್ಕ ಒಂದು ಬೆರಳು ಇಟ್ಟುಕೊಂಡು ನಿಲ್ಲುತ್ತಾರೆ.